ದೊಡ್ಡ ಟಿವಿಯ ಬೆನ್ನ ಹಿಂದೆ

೧೯೭೨ರಲ್ಲಿ ನಾನು ಓದು ನಿಲ್ಲಿಸಿದೆ. ದೇವದುರ್ಗದ ಶಾಲೆಯಲ್ಲಿ ಏಳನೇ ತರಗತಿ ಮುಗಿದಿತ್ತು. ಎಂಟಕ್ಕೆ ಹೆಸರು ಹಚ್ಚಲು ಅಪ್ಪ ಬರಲಿಲ್ಲ, ಬಾ ಎಂದು ನಾನೂ ಕರೆಯಲಿಲ್ಲ. ಮಸರಕಲ್ಲಿನ ನಮ್ಮ ಮನೆಯಲ್ಲಿ ಅಜ್ಜನ ಕಾಲದ ಕುಣಿಮಗ್ಗ ಇತ್ತು. ನೇಯುವವನು ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂರುವಂಥದು. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಮಗ್ಗ ನಿಂತು ಹೋಗಿ ಕುಣಿ ಮಾತ್ರ ಉಳಿದಿತ್ತು. ಅವ್ವ ಅದರಲ್ಲಿ ಕುಳ್ಳು, ಕಟ್ಟಿಗೆ ತುಂಬಿಡುತ್ತಿದ್ದಳು.

ಅಪ್ಪ ನನ್ನನ್ನು ಮಾನ್ವಿಯ ಒಂದು ರೇಡಿಯೋ ರಿಪೇರಿ ಅಂಗಡಿಗೆ ಬಿಟ್ಟ. ಅಲ್ಲಿಯ ಉಸ್ತಾದರು ಮಾತು ಕಡಿಮೆ ಆಡುವವರು. ಮೊದಲ ದಿನ ಅವರು ಹೇಳಿಕೊಟ್ಟದ್ದು ಒಂದೇ: ಕರೆಂಟು ಇರುವ ಪೆಟ್ಟಿಗೆಯೊಳಗೆ ಒಂದು ಕೈ ಹಾಕಿದಾಗ ಇನ್ನೊಂದು ಕೈ ಕಿಸೆಯಲ್ಲಿರಬೇಕು. ಎರಡೂ ಕೈ ಹಾಕಿದವನ ಎದೆಯ ಮೂಲಕ ಕರೆಂಟು ದಾರಿ ಮಾಡಿಕೊಳ್ಳುತ್ತದೆ. ಈ ವಯಸ್ಸಿನಲ್ಲೂ ನನ್ನ ಎಡಗೈ ತಾನಾಗಿ ಕಿಸೆಗೆ ಹೋಗುತ್ತದೆ. ಮದುವೆ ಫೋಟೋದಲ್ಲೂ ಹಾಗೇ ನಿಂತಿದ್ದೇನೆ.

ಟಿವಿಯನ್ನು ನಾನು ಮೊದಲು ನೋಡಿದ್ದು ಅರಕೇರಾ ಕಡೆಯ ಒಂದು ಹಳ್ಳಿಯಲ್ಲಿ. ಸರಕಾರದವರು ನಮ್ಮ ಕಡೆಯ ಕೆಲವು ಹಳ್ಳಿಗಳಿಗೆ ಒಂದೊಂದು ಟಿವಿ ಕೊಟ್ಟು, ಕೋಳಿಗೂಡಿನ ಜಾಳಿಗೆಯಂಥ ತಂತಿಯ ದೊಡ್ಡ ಛತ್ರಿಯನ್ನು ಆಕಾಶಕ್ಕೆ ಮುಖ ಮಾಡಿ ನಿಲ್ಲಿಸಿದ್ದ ಕಾಲ ಅದು. ಉಸ್ತಾದರ ಜೊತೆ ಆ ಟಿವಿಯ ಬ್ಯಾಟರಿ ನೋಡಲು ಹೋಗಿದ್ದೆ. ಊರೆಲ್ಲ ನೆಲದ ಮೇಲೆ ಕೂತಿತ್ತು, ಗೌಡರೊಬ್ಬರು ಕುರ್ಚಿಯ ಮೇಲೆ. ಟಿವಿಯನ್ನು ಎತ್ತರದ ಮೇಜಿನ ಮೇಲೆ ಇಟ್ಟಿದ್ದರು. ಚಿತ್ರ ನೋಡುವ ಬದಲು ನಾನು ಅದರ ಹಿಂದೆ ಹೋಗಿ ಸಂದಿಯಿಂದ ಒಳಗಿನ ಕೆಂಡದಂಥ ಬೆಳಕನ್ನು ನೋಡುತ್ತ ನಿಂತೆ. ಹಿಂದಿನಿಂದ ನೋಡುವುದು ಅಲ್ಲಿಂದಲೇ ರೂಢಿಯಾಯಿತೇನೋ.

ಎಂಬತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ರಾಯಚೂರಿನ ತೀನ್ ಕಂದೀಲ್ ಹತ್ತಿರದ ಗಲ್ಲಿಯಲ್ಲಿ ನನ್ನದೇ ಅಂಗಡಿ ಇತ್ತು. ಚಿಕ್ಕದು, ಆದರೆ ನನ್ನದು. ನನ್ನ ಕೈಗೆ ಬಂದ ರೇಡಿಯೋ ಹಾಡದೆ ಹಿಂದಿರುಗಿದ್ದಿಲ್ಲ ಎಂದು ಬಜಾರಿನಲ್ಲಿ ಹೇಳುತ್ತಿದ್ದರು. ಅವರು ಹೇಳದಿದ್ದರೆ ನಾನೇ ಹೇಳುತ್ತಿದ್ದೆ.

ಒಂದು ದಿನ ಬುರ್ಖಾ ಹಾಕಿದ, ನಡುವಯಸ್ಸು ದಾಟಿದ ಹೆಂಗಸೊಬ್ಬರು ಅಂಗಡಿ ಮೆಟ್ಟಿಲ ಬಳಿ ನಿಂತರು.

"ಬೇಟಾ, ಟಿವಿ ಮಾಡಾಂವ ನೀನ ಏನು?"

"ಹೌದ್ರೀ ಖಾಲಾ."

"ಎಷ್ಟು ದೊಡ್ಡ ಟಿವಿ ಮಾಡ್ತಿ?"

"ಎಷ್ಟು ದೊಡ್ಡದಿದ್ರೂ ಮಾಡ್ತೀನ್ರೀ."

"ಅಲ್ಮಾರಿಯಷ್ಟು ದೊಡ್ಡದು?"

ನಾನು ನಕ್ಕೆ. ಅವರು ನಗಲಿಲ್ಲ. "ಬಾ, ನೋಡು. ಆಮ್ಯಾಲ ನಗು."

ಖಾಲಾ ಅಂದರೆ ಚಿಕ್ಕಮ್ಮ. ಅವತ್ತು ಬಾಯಿಗೆ ಬಂದ ಆ ಕರೆ ಕೊನೆಯವರೆಗೆ ಉಳಿಯಿತು. ಅವರ ಮನೆ ಹಳೆಯ ಕಾಲದ್ದು. ಮುಂದೆ ದೊಡ್ಡ ಪಡಸಾಲೆ, ಅದರ ಹಿಂದೆ ಒಂದು ಕೋಣೆ, ಎರಡರ ನಡುವೆ ಬಾಗಿಲಿಲ್ಲದ ಅಗಲವಾದ ಕಲ್ಲಿನ ಕಮಾನು. ಪಡಸಾಲೆಯಲ್ಲಿ ನಿಜವಾಗಿಯೂ ಅಲ್ಮಾರಿಯಂಥದೊಂದು ನಿಂತಿತ್ತು. ನನ್ನ ಎದೆಯೆತ್ತರದ ಕಟ್ಟಿಗೆಯ ಪೆಟ್ಟಿಗೆ, ಕೆಳಗೆ ಗಾಲಿ, ಮೇಲಿನ ಅರ್ಧಕ್ಕೆ ಬೂದು ಬಣ್ಣದ ಪರದೆ. ಅವರ ಗಂಡ ಸೌದಿಯಲ್ಲಿ ಒಂದು ದೊಡ್ಡ ಮನೆತನದ ಗಾಡಿ ಓಡಿಸುತ್ತಿದ್ದರಂತೆ. ಆ ಮನೆಯವರಿಗೆ ಹಳೆಯದಾದ ಟಿವಿಯನ್ನು ಇವರು ಊರಿಗೆ ಮರಳುವಾಗ ಕೊಟ್ಟರು. ಹಡಗಿನಲ್ಲಿ ಬೊಂಬಾಯಿಗೆ, ಅಲ್ಲಿಂದ ಲಾರಿಯಲ್ಲಿ ರಾಯಚೂರಿಗೆ ಬಂತು. ಜೊತೆಗೆ ಒಂದು ವಿಡಿಯೋ ಪ್ಲೇಯರೂ ಬಂತು. ತಂದವರು ಮಾತ್ರ ವರ್ಷ ತುಂಬುವುದರೊಳಗೆ ತೀರಿಕೊಂಡರು.

"ಮಕ್ಕಳಿಲ್ಲ," ಎಂದರು ಖಾಲಾ. "ಮೈದುನ ಹೈದರಾಬಾದಿನಾಗ ಇರ್ತಾನ. ಛಲೋ ಮನಿಶ್ಯಾ, ಸುಳ್ಳು ಹೇಳಂಗಿಲ್ಲ. ಬಕ್ರೀದ್ ಆದ ಮ್ಯಾಲ ಬರ್ತೀನಿ, ಮನಿಗೆ ಕೀಲಿ ಹಾಕಿ ನಮ್ಮ ಜೋಡಿ ನಡೀರಿ ಅಂದಾನ. ಅಲ್ಲಿ ಉಣಾಕ ಕಮ್ಮಿ ಇಲ್ಲ. ಆದ್ರ ಉಪ್ಪು ಹೆಚ್ಚಾತು ಕಮ್ಮಿ ಆತು ಅನ್ನಾಕ ಒಲಿ ನನ್ನದಲ್ಲ. ತಿಳೀತೇನು?"

"ತಿಳೀತ್ರೀ."

"ನನಗ ಈ ಡಬ್ಬಿ ಮ್ಯಾಲ ಚಿತ್ರ ಬೇಕು. ಗಲ್ಲಿ ಹೆಣ್ಮಕ್ಕಳು ಟಾಕೀಸಿಗೆ ಹೋಗಂಗಿಲ್ಲ, ಮನಿಯವ್ರು ಬಿಡಂಗಿಲ್ಲ. ಮಧ್ಯಾಹ್ನ ಗಂಡಸ್ರು ಅಂಗಡಿಗೆ ಹೋದಾಗ ನಮ್ಮ ಮನಿಗೆ ಬರ್ತಾರ. ಬರೇ ಹೆಣ್ಮಕ್ಕಳಿಗೆ ಶೋ, ತಲಿಗಿಷ್ಟು ಅಂತ ರೊಕ್ಕ ಕೊಡ್ತಾರ. ಅಷ್ಟಾದ್ರ ನಾ ಇಲ್ಲೇ ಇರ್ತೀನಿ. ಇಲ್ಲಾಂದ್ರ ಹೈದರಾಬಾದಿಗೆ ಹೋಗ್ತೀನಿ."

ಇಷ್ಟನ್ನು ಅವರು ಅಳದೆ, ದನಿ ಏರಿಸದೆ, ಸಂತೆಗೆ ಹೋಗಬೇಕಾದ ಸಾಮಾನು ಹೇಳಿದಂತೆ ಹೇಳಿದರು. ಅಂದೇ ನನಗೆ ಅವರ ಮೇಲೆ ಗೌರವ ಹುಟ್ಟಿತು. ಹೊಟ್ಟೆಗೆ ಗತಿಯಿಲ್ಲದೆ ದುಡಿಯುವವರನ್ನು ನಾನು ಬೇಕಾದಷ್ಟು ನೋಡಿದ್ದೆ. ಕೂತು ಉಣ್ಣುವ ಅನುಕೂಲ ಎದುರಿಗಿದ್ದರೂ ತನ್ನ ಒಲೆ ತನಗೆ ಬೇಕು ಎಂದವರನ್ನು ನೋಡಿದ್ದು ಅವರೊಬ್ಬರನ್ನೇ.

ಟಿವಿ ಹಚ್ಚಿದೆ. ಚಿತ್ರ ಬಂತು, ಆದರೆ ಅಡಿಗೆಮನೆಯ ಹೊಗೆಯೊಳಗಿಂದ ನೋಡಿದ ಹಾಗಿತ್ತು. ಒಬ್ಬೊಬ್ಬ ಮನುಷ್ಯನಿಗೂ ಮೂರು ಅಂಚು: ಒಂದು ಕೆಂಪು, ಒಂದು ಹಸಿರು, ಒಂದು ನೀಲಿ.

ಬೆನ್ನಿನ ಹಲಗೆ ಬಿಚ್ಚಿದೆ. ಆ ಜಾತಿಯ ಟಿವಿಯನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ. ಆದರೂ ಅದರ ಕೆಲಸ ಕಣ್ಣಿಗೆ ನೇರವಾಗಿ ಕಾಣುವಂತಿತ್ತು. ಕೆಳಗೆ ಮೂರು ಚಿಕ್ಕ ಟ್ಯೂಬು, ಮೂರು ಬಣ್ಣಕ್ಕೆ ಒಂದೊಂದು, ಮೂರರ ಬಾಯಿಗೂ ದಪ್ಪ ಲೆನ್ಸು. ಅವು ತಮ್ಮ ತಮ್ಮ ಚಿತ್ರವನ್ನು ಮೇಲಕ್ಕೆ ಎಸೆಯುತ್ತವೆ. ಹಿಂದಿನ ಗೋಡೆಗೆ ಓರೆಯಾಗಿ ಒರಗಿದ ಕನ್ನಡಿ ಆ ಮೂರನ್ನೂ ಹಿಡಿದು ಪರದೆಯ ಬೆನ್ನಿಗೆ ಹಾಕುತ್ತದೆ. ಮುಂದೆ ಕೂತವರಿಗೆ ಮೂರು ಸೇರಿ ಒಂದೇ ಚಿತ್ರ. ಭಜನೆಯಲ್ಲಿ ಮೂವರು ದನಿಗೂಡಿಸಿದಾಗ ಒಬ್ಬನೇ ಹಾಡಿದಂತೆ ಕೇಳಬೇಕಲ್ಲ, ಹಾಗೆ. ಒಬ್ಬ ಎಳೆದರೆ, ಒಬ್ಬ ಹಿಂದೆ ಬಿದ್ದರೆ ಕೆಟ್ಟಿತು. ಯಾರು ಕಂಡುಹಿಡಿದರೋ, ಅವರ ಕೈಗೆ ನಾನು ಮನಸ್ಸಿನಲ್ಲೇ ಮುಗಿದೆ.

ಹೊಗೆಯ ಕಾರಣ ಕನ್ನಡಿಯಲ್ಲಿತ್ತು. ಅದರ ಮೇಲೆಲ್ಲ ಸುತ್ತುಸುತ್ತಾದ ಗೀರು, ಅಲ್ಲಲ್ಲಿ ಬರೀ ಗಾಜು.

"ಖಾಲಾ, ಇದನ್ನ ಯಾರ ಒರಸ್ಯಾರ್ರೀ?"

"ನಾನ ಒರಸೀನಿ. ಬಂದಾಗ ಎಷ್ಟು ಧೂಳಿತ್ತು ಗೊತ್ತದ ಏನು? ಬೂದಿ ಹಚ್ಚಿ, ಹಳೇ ಮಲ್ಲು ಬಟ್ಟಿಲೆ ತಿಕ್ಕಿ ತಿಕ್ಕಿ ಒರಸೀನಿ. ಕಂದೀಲ ಗಾಜು ಹಂಗ ಅಲ್ಲೇನು ತಿಕ್ಕೋದು?"

ನಮ್ಮ ಕಡೆ ಯಾರ ಮನೆಗೆ ಆ ಪೆಟ್ಟಿಗೆ ಬಂದಿದ್ದರೂ ಹೀಗೇ ಆಗುತ್ತಿತ್ತು. ಗಾಜು ಅಂದರೆ ಬೂದಿ. ನಮ್ಮವ್ವನೂ ಹಾಗೇ ತಿಕ್ಕುತ್ತಿದ್ದಳು. ಆದರೆ ಮನೆಯ ಕನ್ನಡಿಗೆ ಬೆಳ್ಳಿಯ ಲೇಪ ಗಾಜಿನ ಹಿಂದೆ ಇರುತ್ತದೆ. ಈ ಟಿವಿಯ ಕನ್ನಡಿಗೆ ಲೇಪ ಮುಂದೆಯೇ ಇತ್ತು. ಖಾಲಾ ತಿಕ್ಕಿದ್ದು ಧೂಳನ್ನಲ್ಲ, ಕನ್ನಡಿಯನ್ನೇ.

ಬಜಾರಿನಿಂದ ಒಳ್ಳೆಯ ಕನ್ನಡಿ ಅಳತೆಗೆ ಕೊಯ್ಸಿ ತಂದು ಕೂರಿಸಿದೆ. ಬೆಳಕು ಬಂತು, ಆದರೆ ಎಲ್ಲರ ಹಿಂದೆಯೂ ಒಂದೊಂದು ದೆವ್ವ. ಲೇಪದಿಂದ ಒಂದು ಚಿತ್ರ, ಅದರ ಮುಂದಿನ ಗಾಜಿನಿಂದ ಇನ್ನೊಂದು ತೆಳ್ಳನೆಯ ಚಿತ್ರ. ಮುಂದೆಯೇ ಲೇಪ ಯಾಕಿತ್ತೆಂದು ಆಗ ತಿಳಿಯಿತು. ಕನ್ನಡಿಗೆ ಕಲಾಯಿ ಹಾಕುವ ಮುದುಕನ ಹತ್ತಿರ ಹೋಗಿ, ಲೇಪ ಹಾಕು, ಅದರ ಮೇಲೆ ಕೆಂಪು ಬಣ್ಣ ಬಳಿಯಬೇಡ, ಹಾಗೇ ಕೊಡು ಎಂದೆ.

"ಬಣ್ಣ ಇಲ್ಲಾಂದ್ರ ಬೆಳ್ಳಿ ಕಪ್ಪಾಗ್ತದಪಾ," ಎಂದ ಮುದುಕ. "ತಿಂಗಳೊಪ್ಪತ್ತಿನಾಗ ಮತ್ತ ನನ್ನ ಹತ್ರ ಬರ್ತಿ."

"ಬರ್ತೀನಿ. ನಿನಗೇನು ಲುಕ್ಸಾನು?"

ಆ ಕನ್ನಡಿಯನ್ನು ಲೇಪದ ಮುಖ ಮುಂದೆ ಮಾಡಿ ಇಟ್ಟೆ. ಎರಡು ಲೆನ್ಸಿಗೆ ಬಟ್ಟೆ ಮುಚ್ಚಿ ಒಂದರಿಂದಲೇ ಚಿತ್ರ ಬಿಡುವುದು, ಅದನ್ನು ತಿರುಗಿಸಿ ತಿರುಗಿಸಿ ಚೂಪು ಮಾಡುವುದು, ಆಮೇಲೆ ಎರಡನೆಯದು, ಮೂರನೆಯದು. ಸಿನಿಮಾದ ಶುರುವಿನಲ್ಲಿ ಕಪ್ಪಿನ ಮೇಲೆ ಬಿಳಿ ಅಕ್ಷರದಲ್ಲಿ ಹೆಸರು ಬರುತ್ತವಲ್ಲ, ಅಲ್ಲಿ ಟೇಪು ನಿಲ್ಲಿಸಿ ಮೂರು ಬಣ್ಣದ ಅಕ್ಷರಗಳನ್ನು ಒಂದರ ಮೇಲೊಂದು ತಂದು ಕೂರಿಸಿದೆ. ಕೆಂಪು, ಹಸಿರು, ನೀಲಿ ಸೇರಿ ಸುಣ್ಣದಂಥ ಬಿಳುಪಾದ ಗಳಿಗೆಯಲ್ಲಿ ಖಾಲಾ ನನ್ನ ಪಕ್ಕ ನಿಂತಿದ್ದರು.

"ಹಾಯ್ ಅಲ್ಲಾ," ಎಂದರು. ಅಷ್ಟೇ.

ತೊಂದರೆ ಒಂದು ಉಳಿದಿತ್ತು. ಪೆಟ್ಟಿಗೆ ಬಿಸಿಯಾದಂತೆ ಬಣ್ಣಗಳು ಮೆಲ್ಲಗೆ ಜಾರುತ್ತಿದ್ದವು. ಮಧ್ಯಾಹ್ನದ ಹೊತ್ತು ವೋಲ್ಟೇಜು ಬಿದ್ದರಂತೂ ಇನ್ನೂ ಹೆಚ್ಚು. ಸಿನಿಮಾ ನಡೆಯುವಾಗಲೇ ಯಾರಾದರೂ ತಿದ್ದುತ್ತಿರಬೇಕು. ಆದರೆ ಹೆಂಗಸರು ಕೂತ ಪಡಸಾಲೆಗೆ ನಾನು ಹೋಗುವಂತಿರಲಿಲ್ಲ. ಖಾಲಾನೇ ದಾರಿ ಹುಡುಕಿದರು. ಪೆಟ್ಟಿಗೆಯನ್ನು ಕಮಾನಿನ ಒಳಗೆ ಸರಿಸಿ, ಸುತ್ತಲಿನ ಸಂದಿಗೆ ದಪ್ಪ ಬಟ್ಟೆಯ ಪರದೆ ಹೊಲಿದು ಕಟ್ಟಿದರು. ಮುಖ ಪಡಸಾಲೆಗೆ, ಬೆನ್ನು ಹಿಂದಿನ ಕೋಣೆಗೆ. ಹಿತ್ತಲ ಬಾಗಿಲಿನಿಂದ ಬಂದು ನಾನು ಬೆನ್ನಿಗೆ ಕೂರಬೇಕು. ಮುಂದಿನವರು ಹೇಳಿದಂತೆ ತಿರುಪು ತಿರುಗಿಸಬೇಕು.

ಹಾಗೆ ಶೋ ಶುರುವಾಯಿತು. ಮಧ್ಯಾಹ್ನದ ಊಟ ಆದಮೇಲೆ ಅಂಗಡಿಗೆ ಕೀಲಿ ಹಾಕಿ ಬರುತ್ತಿದ್ದೆ. ಎಡಗೈ ಕಿಸೆಯಲ್ಲಿ, ಬಲಗೈಯಲ್ಲಿ ತಿರುಪುಳಿ. ಒಳಗೆ ಬಳೆಯ ಸಪ್ಪಳ, ಕೂಸಿನ ಅಳು, ಅಡಿಕೆ ಕತ್ತರಿಸುವ ಸಪ್ಪಳ. ಎಲ್ಲರ ದನಿಗಿಂತ ಮೇಲೊಂದು ದನಿ. ಮಾನ್ವಿಯಿಂದ ಬಂದು ರಾಯಚೂರಿನಲ್ಲಿ ನೆಲೆಸಿದ ಅಕ್ಕಿ ಗಿರಣಿಯ ಮನೆತನದ ಹಿರಿಯಳು ಆಕೆ. ಎಲ್ಲರೂ ದೊಡ್ಡವ್ವ ಅನ್ನುತ್ತಿದ್ದರು.

"ಏ ತಮ್ಮಾ! ಆ ಹೆಣ್ಮಗಳಿಗೆ ಎರಡು ಮೂಗು ಬಂದಾವ ನೋಡು!"

"ಯಾವ ಬಣ್ಣದ ಮೂಗ್ರೀ ದೊಡ್ಡವ್ವಾ?"

"ಕೆಂಪಂದು ಎಡಕ್ಕ ಹೊಂಟದ."

"ಈಗ?"

"ಹಾಂ, ಬರಾಕತ್ತದ, ಬರಾಕತ್ತದ... ಹೋತು! ಹೆಚ್ಚು ತಿರುವಿದಿ. ಹಿಂದಕ ಬಾ."

"ಈಗ ನೋಡ್ರಿ."

"ಈಗ ಒಂದ ಮೂಗು. ಛಲೋ ಕಾಣ್ತದ. ಕೈ ತಗಿ ಇನ್ನ."

ಗಲ್ಲಿಯಲ್ಲಿ ಹೆಸರಾಯಿತು. ದೊಡ್ಡವ್ವ ತನ್ನ ಸೊಸೆಯರನ್ನು ಕರೆತಂದಳು, ಅವಳನ್ನು ನೋಡಿ ಬೇರೆ ಮನೆಯ ಅತ್ತೆಯರು ತಮ್ಮ ಸೊಸೆಯರನ್ನು ಕರೆತಂದರು. ಖಾಲಾ ಎಲ್ಲರಿಗೂ ಚಹಾ ಮಾಡುತ್ತಿದ್ದರು. ಅವರ ಒಲೆ ಹೊತ್ತಿದ್ದರ ವಾಸನೆ ಹಿಂದಿನ ಕೋಣೆಯಲ್ಲಿ ನನಗೆ ಮೊದಲು ಬರುತ್ತಿತ್ತು.

ಆಮೇಲೆ ಜನ ಕಡಿಮೆಯಾದರು. ಒಮ್ಮೆಲೇ ಅಲ್ಲ. ಒಬ್ಬಳಿಗೆ ತಲೆನೋವು, ಇನ್ನೊಬ್ಬಳಿಗೆ ಸಂಡಿಗೆ ಹಾಕುವುದಿತ್ತು, ಮತ್ತೊಬ್ಬಳ ಕೂಸಿಗೆ ಮೈ ಬೆಚ್ಚಗೆ. ಸೊಸೆಯರು ಬರದೆ ಹೋದಾಗ ಅವರನ್ನು ಮನೆಯಲ್ಲಿ ಬಿಟ್ಟು ಬರಲು ಅತ್ತೆಯರಿಗೂ ಮನಸ್ಸಿಲ್ಲ. ಬಳೆಯ ಸಪ್ಪಳ ತೆಳ್ಳಗಾಯಿತು. ಕೊನೆಗೆ ಅಡಿಕೆ ಕತ್ತರಿಸುವ ಸಪ್ಪಳವೇ ಉಳಿಯಿತು.

"ಚಿತ್ರದಾಗ ಏನರ ಕಮ್ಮಿ ಬಿದ್ದದ ಏನು ಬೇಟಾ?" ಎಂದು ಖಾಲಾ ಕೇಳಿದರು.

ನನಗೆ ಸಿಟ್ಟು ಬಂತು. "ಇಡೀ ರಾಯಚೂರಿನಾಗ ಇಂಥಾ ಚಿತ್ರ ತೋರಸ್ರಿ ನೋಡೂಣು. ದೊಡ್ಡವ್ವನ್ನ ಕೇಳ್ರಿ."

"ಆಕಿನ್ನ ಕೇಳೀನಿ. ಬಂಗಾರದಂಗ ಅದ ಅಂತಾಳ. ಮತ್ತ ಯಾಕ ಬರವಲ್ರು?" ಎಂದು ಅವರು ಖಾಲಿ ಪಡಸಾಲೆ ನೋಡಿದರು. ಬಕ್ರೀದ್ ಹತ್ತಿರ ಬರುತ್ತಿತ್ತು.

ಆ ವರ್ಷವೇ ನನ್ನ ಮದುವೆಯಾಗಿತ್ತು. ಹೆಂಡತಿ ಗೂಗಲ್ ಎಂಬ ಊರಿನವಳು, ಕೃಷ್ಣೆಯ ದಂಡೆಯಲ್ಲಿ ಬೆಳೆದವಳು. ಕಂಡದ್ದನ್ನು ಕಂಡಂತೆ ಹೇಳುವ ಬಾಯಿ. ಪಡಸಾಲೆ ತುಂಬಲಿ ಎಂದು ಅವಳನ್ನೂ ಒಂದು ದಿನ ಶೋಗೆ ಕಳಿಸಿದೆ. ಅಂದು ಸಂಜೆ ರೊಟ್ಟಿ ಬಡಿಯುತ್ತ ಕೂತವಳನ್ನು ಕೇಳಿದೆ.

"ಹೆಂಗಿತ್ತು?"

"ಏನು?"

"ಚಿತ್ರ."

"ಕತ್ತಲದಾಗ ಯಾರೋ ಅತ್ತಂಗಾತು. ಯಾರ ಅತ್ರು ಕಾಣಲಿಲ್ಲ."

"ಏ, ಹುಚ್ಚೀ ಏನು? ದೊಡ್ಡವ್ವ ಎಷ್ಟು ಛಲೋ ಕಾಣ್ತದ ಅಂದ್ಲು. ನಾನ ಕೇಳೀನಿ."

"ದೊಡ್ಡವ್ವ ಎಲ್ಲಿ ಕುಂತಿದ್ಲು?"

"ನನಗೇನು ಗೊತ್ತು? ನಾ ಹಿಂದ ಇರ್ತೀನಿ."

"ಮಂಚದ ಮ್ಯಾಲ. ಅತ್ತಿಗೋಳೆಲ್ಲ ಮಂಚದ ಮ್ಯಾಲ, ನಾವು ಸೊಸ್ತೇರು ನೆಲಕ್ಕ. ಬಣ್ಣ ಹೆಂಗದ ಅಂತ ನೀವು ಹಿಂದ ಕುಂತು ಒದರ್ತೀರಿ. ಮಂಚದವ್ರು ಛಲೋ ಅದ ಅಂತಾರ. ಅತ್ತಿ ಛಲೋ ಅದ ಅಂದಮ್ಯಾಲ ಸೊಸಿ ಇಲ್ಲ ಅಂತಾಳೇನು?"

ರೊಟ್ಟಿಯನ್ನು ಹಂಚಿಗೆ ಹಾಕಿ ಅವಳು ನನ್ನ ಕಡೆ ತಿರುಗಿದಳು. "ನಿಮ್ಮ ಟಿವಿ ನೋಡಬೇಕಾದ್ರ ಮದಲು ಅತ್ತಿ ಆಗಬೇಕು."

ಮಾರನೆಯ ದಿನ ಬೆಳಿಗ್ಗೆ ಖಾಲಾನ ಮನೆಗೆ ಹೋದೆ. ಖಾಲಿ ಪಡಸಾಲೆಯಲ್ಲಿ ಟಿವಿ ಹಚ್ಚಿ, ಕಿಟಕಿ ಮುಚ್ಚಿ, ಮುಂದೆ ನಿಂತೆ. ಚಿತ್ರ ಝಗಝಗ ಹೊಳೆಯುತ್ತಿತ್ತು. ಮಂಚದ ಮೇಲೆ ಕೂತೆ. ಆಗಲೂ ಚೆನ್ನಾಗಿತ್ತು. ಆಮೇಲೆ ಜಮಖಾನದ ಮೇಲೆ, ಪರದೆಯ ಹತ್ತಿರ, ಸೊಸೆಯರು ಕೂರುವಲ್ಲಿ ಕೂತೆ. ಯಾರೋ ದೀಪ ಸಣ್ಣ ಮಾಡಿದ ಹಾಗಾಯಿತು. ಮುಖಗಳಿದ್ದವು, ಮುಖದ ಮೇಲೆ ಕಣ್ಣು ಕಾಣುತ್ತಿರಲಿಲ್ಲ. ಎದ್ದರೆ ಬೆಳಕು, ಕೂತರೆ ಕತ್ತಲೆ. ನಾಲ್ಕಾರು ಸಲ ಎದ್ದು ಕೂತು ನೋಡಿದೆ. ಬಾಗಿಲಲ್ಲಿ ನಿಂತಿದ್ದ ಖಾಲಾಗೆ ನಾನು ಪೈಲ್ವಾನರ ಹಾಗೆ ಬೈಠಕ್ ಹೊಡೆಯುತ್ತಿದ್ದೇನೆ ಅನ್ನಿಸಿತ್ತಂತೆ.

ಆ ಪರದೆ ಬೆಳಕನ್ನು ಸುತ್ತಲೂ ಚೆಲ್ಲುವಂಥದಲ್ಲ. ಟಾರ್ಚಿನ ಹಾಗೆ ನೇರ ಎದುರಿಗೆ ಬಿಡುತ್ತದೆ. ಪರದೆಯ ಎತ್ತರಕ್ಕೆ ಕಣ್ಣು ಇದ್ದವರಿಗೆ ಎಲ್ಲ ಬೆಳಕು, ಕೆಳಗಿದ್ದವರಿಗೆ ಉಳಿದದ್ದು. ಮಾಡಿದವರು ಸೋಫಾದ ಮೇಲೆ ಕೂರುವ ದೇಶಕ್ಕಾಗಿ ಮಾಡಿದ್ದರು. ಅವರ ತಪ್ಪೇನೂ ಅಲ್ಲ. ಮತ್ತೆ ನಾನು? ಯಾವಾಗಲೂ ನಿಂತೇ ನೋಡಿದ್ದೆ.

"ಖಾಲಾ, ಇಲ್ಲಿ ಬಂದು ಕೆಳಗ ಕುಂದ್ರಿ."

ಅವರು ಬಂದು ಕೂತರು. ಶೋ ನಡೆದಾಗಲೆಲ್ಲ ಚಹಾ ಹಂಚುತ್ತ ನಿಂತೇ ಇರುತ್ತಿದ್ದ ಅವರು ಅಲ್ಲಿ ಕೂತದ್ದು ಅದೇ ಮೊದಲು.

"ಈ ಹುಡಿಗ್ಯಾರು ಇಷ್ಟು ದಿನ ಇದನ್ನ ನೋಡಿ, ಛಲೋ ಇತ್ತು ಖಾಲಾ ಅಂತ ನನ್ನ ಕೈಗೆ ಕಪ್ಪು ಕೊಟ್ಟು ಹೋಗ್ಯಾರ," ಎಂದರು.

"ಬೆಂಚು ಹಾಕಿಸ್ರಿ. ಅವ್ರೂ ಮ್ಯಾಲ ಕುಂದ್ರಲಿ."

"ಅತ್ತಿ ಎದುರಿಗೆ ಸೊಸಿ ಬೆಂಚಿನ ಮ್ಯಾಲ ಕುಂದ್ರತಾಳ? ನಿನ್ನ ಹೆಂಡ್ತಿ ಕುಂದ್ರತಾಳೇನು, ನಿಮ್ಮವ್ವ ಇದ್ರ?"

ಕೂರುವುದಿಲ್ಲ. ಅದು ನನಗೂ ಗೊತ್ತಿತ್ತು.

ಖಾಲಾ ಮಂಚವನ್ನು ನೋಡಿದರು, ಟಿವಿಯನ್ನು ನೋಡಿದರು. "ಡಬ್ಬಿ ಕೆಳಗ ಇಳಸಾಕ ಬರ್ತದೇನು?"

"ಎಲ್ಲಿ ಇಳಸೋದ್ರೀ? ಗಾಲಿ ತಗದ್ರೂ ನಾಕು ಬೆರಳು ಇಳೀತದ, ಅಷ್ಟ."

ಹಾಗೆಂದು ಹಿಂದಿನ ಕೋಣೆಗೆ ಹೋದೆ. ದಿನಾ ನಾನು ಕೂರುತ್ತಿದ್ದ ಜಾಗದಲ್ಲಿ, ಕಮಾನಿನ ಹತ್ತಿರ, ಒಂದು ಹಾಸುಗಲ್ಲು ಕಾಲಿಟ್ಟಾಗಲೆಲ್ಲ ಬೇರೆ ಸಪ್ಪಳ ಮಾಡುತ್ತಿತ್ತು. ಅಂದು ಅದನ್ನು ಹಾರೆಯಿಂದ ಎಬ್ಬಿಸಿದೆ. ಕೆಳಗೆ ಸಡಿಲ ಮಣ್ಣು, ಕೊಳೆತ ಕಟ್ಟಿಗೆಯ ಚೂರು, ಮೂರು ಬದಿಗೆ ನೇರವಾಗಿ ಕಟ್ಟಿದ ಕಲ್ಲು. ಒಂದು ಬದಿಯ ಕಲ್ಲು ಮಾತ್ರ ಮೇಲಂಚಿನಲ್ಲಿ ನುಣ್ಣಗಾಗಿತ್ತು. ಎಷ್ಟೋ ವರ್ಷ ಯಾರೋ ಅಲ್ಲಿ ಕೂತು ತೊಡೆ ಸವೆಸಿದ ನುಣುಪು. ಅದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಖಾಲಾ, ಈ ಮನಿ ಮದಲು ಯಾರದಿತ್ರೀ?"

"ನಮ್ಮ ಮಾವ ನೇಕಾರರ ಕಡೆಯಿಂದ ತಗೊಂಡಿದ್ರಂತ. ಯಾಕ?"

"ಮಗ್ಗದ ಕುಣಿ ಅದ."

ಮಣ್ಣು ತೆಗೆದೆವು. ಕುಣಿಯನ್ನು ಕಮಾನಿನ ಕಡೆಗೆ ಅಗಲ ಮಾಡಿ, ಇಟ್ಟಂಗಿ ಕಟ್ಟಿ, ತೇವ ಬರದಂತೆ ಹಲಗೆ ಹಾಸಿದೆ. ಹಮಾಲರನ್ನು ಕರೆಸಿ ಪೆಟ್ಟಿಗೆಯನ್ನು ಹಗ್ಗದಿಂದ ಇಳಿಸಿದೆವು. ಕೆಳಗಿನ ಅರ್ಧ ಕುಣಿಯೊಳಗೆ ಹೋಗಿ, ಪರದೆ ಮಾತ್ರ ನೆಲದ ಮೇಲೆ ಎದ್ದು ನಿಂತಿತು, ಮನೆಯೊಳಗೊಂದು ಕಿಟಕಿ ತೆರೆದಂತೆ. ಜಮಖಾನದ ಮೇಲೆ ಕೂತು ನೋಡಿದೆ. ಎಲ್ಲ ಬೆಳಕು ಅಲ್ಲಿತ್ತು. ಮಂಚದ ಮೇಲಿಂದ ನೋಡಿದರೆ ಈಗ ಅಲ್ಲಿ ಕತ್ತಲೆ.

"ಮಂಚದವ್ರಿಗೆ ಏನ ಹೇಳ್ತೀರಿ?" ಎಂದೆ.

"ಮಂಚ ಇದ್ರಲ್ಲ ಹೇಳೋದು?" ಎಂದ ಖಾಲಾ ಅದೇ ಹಮಾಲರಿಂದ ಮಂಚವನ್ನು ಹಿತ್ತಲಿಗೆ ಹೊರಿಸಿದರು.

ನನಗೆ ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ದೊಡ್ಡವ್ವ ಎದ್ದು ಹೋದರೆ ಎಲ್ಲ ಅತ್ತೆಯರೂ ಹೋಗುತ್ತಾರೆ, ಅವರ ಹಿಂದೆ ಸೊಸೆಯರು. ಅಲ್ಲಿಗೆ ಮುಗಿಯಿತು. ಖಾಲಾ ಮಾತ್ರ ಮನೆಮನೆಗೆ ಹೋಗಿ, ಚಿತ್ರ ಹೊಸದಾಗಿ ಕೂಡಿಸಿದ್ದೇವೆ, ಬರಲೇಬೇಕು ಎಂದು ಕರೆದು ಬಂದರು.

ಅವರು ಕರೆದ ದಿನವೇ ಮೈದುನನೂ ಬಂದ. ಬಕ್ರೀದ್ ಮುಗಿದಿತ್ತು. ಇಸ್ತ್ರಿ ಮಾಡಿದ ಬಿಳಿ ಬಟ್ಟೆ ತೊಟ್ಟ, ಸಭ್ಯ ಮನುಷ್ಯ. ಪಡಸಾಲೆ ಹೆಂಗಸರದಾದ್ದರಿಂದ ಹಿತ್ತಲ ಬಾಗಿಲಿನಿಂದ ಬಂದು ನನ್ನ ಪಕ್ಕದಲ್ಲೇ ಕೂತ. ನಮ್ಮಿಬ್ಬರ ಎದುರಿಗೆ ಕುಣಿಯಲ್ಲಿ ಇಳಿದ ಪೆಟ್ಟಿಗೆಯ ಬೆನ್ನು. ನಾನು ಕುಣಿಯ ಅಂಚಿಗೆ ಕೂತು ಕಾಲು ಒಳಗೆ ಬಿಟ್ಟಿದ್ದೆ. ಅಜ್ಜ ಕೂರುತ್ತಿದ್ದ ಹಾಗೆ.

"ಏನ್ ನಡದದ ಆ ಕಡಿ?" ಎಂದು ಅವನು ಮೆಲ್ಲಗೆ ಕೇಳಿದ.

"ನನಗೂ ಕಾಣಂಗಿಲ್ರೀ ಸಾಬ್. ಬರೇ ಕೇಳ್ತೀನಿ."

ಆ ಕಡೆ ದೊಡ್ಡವ್ವನ ದನಿ ಬಂತು. "ಮಂಚ ಎಲ್ಲಿ?"

"ತಗಸೀನಿ ಅಕ್ಕಾ," ಎಂದರು ಖಾಲಾ.

"ಮತ್ತ ನಾ ಎಲ್ಲಿ ಕುಂದ್ರಲಿ?"

"ನನ್ನ ಬಾಜೂಕ. ಗೋಡಿಗೆ ಲೋಡು ಇಟ್ಟೀನಿ, ಮೊಣಕಾಲಿಗೆ ದಿಂಬು ಇಟ್ಟೀನಿ."

ಮೈದುನನ ಕೈಯಲ್ಲಿನ ಚಹಾದ ಬಸಿ ಅರ್ಧಕ್ಕೆ ನಿಂತಿತು.

"ಸೊಸ್ತೇರ ಜೋಡಿ ಸಮ ಕೂಡಸ್ತಿ ಏನಬೇ ನನ್ನ?"

ಖಾಲಾ ದನಿ ಏರಿಸಲಿಲ್ಲ. "ಅಕ್ಕಾ, ನಾವು ನಮಾಜಿಗೆ ನಿಂತಾಗ ಮುಂದ ಹಿಂದ ಇರ್ತೀವಿ, ಮ್ಯಾಲ ಕೆಳಗ ಇರಂಗಿಲ್ಲ. ನಿಮ್ಮ ಮಠದಾಗ ಪಂಕ್ತಿಗೆ ಕುಂತಾಗ ಹೆಂಗ ಕುಂದ್ರತೀರಿ?"

ನಾನು ತಿರುಪುಳಿಯನ್ನು ಗಟ್ಟಿಯಾಗಿ ಹಿಡಿದಿದ್ದೆ.

"ಪಂಕ್ತಿಗೆ ಯಾರರ ಮಂಚ ಹಾಕ್ಕೊಂಡು ಕುಂದ್ರತಾರೇನ?" ಎಂದಳು ದೊಡ್ಡವ್ವ. ಆಮೇಲೆ, "ಏ, ಹಿಡೀರಿ ನನ್ನ ಕೈ. ಈ ಕಡಿ ಒಬ್ಬಾಕಿ, ಆ ಕಡಿ ಒಬ್ಬಾಕಿ. ಕೆಡವೀರಿ ಮತ್ತ, ಸಿಟ್ಟು ತೀರಸ್ಕೊಳ್ಳಾಕ!"

ಸೊಸೆಯರು ನಕ್ಕರು. ಅವರು ನಗುವುದನ್ನು ಆ ಪರದೆಯ ಹಿಂದಿನಿಂದ ನಾನು ಮೊದಲ ಸಲ ಕೇಳಿದೆ.

ಟೇಪು ಹಾಕಿದೆ. ಟಿವಿ ಬಿಸಿಯಾಯಿತು, ಯಾವಾಗಿನಂತೆ ಬಣ್ಣ ಜಾರಿರಬೇಕು. ನಾನು ಕೂಗುವ ಮೊದಲೇ ಎಂದೂ ಕೇಳದ ಎಳೆಯ ದನಿಯೊಂದು ಬಂತು.

"ಅಣ್ಣಾ, ನೀಲಿ ಬಣ್ಣ ಒಂದೀಟು ಕೆಳಗ ಇಳದದ ನೋಡ್ರಿ."

"ಈಗವಾ?"

"ಇನ್ನೊಂದೀಟು ಮ್ಯಾಲ."

"ಈಗ?"

"ಹಾಂ, ಸಾಕ್ ಸಾಕ್! ಕೈ ತಗೀರಿ!"

"ಕೆಂಪು ನಾ ಹೇಳ್ತೀನಿ," ಎಂದಿತು ಇನ್ನೊಂದು ದನಿ.

"ಯವ್ವಾ, ನೀವೆಲ್ಲ ಒದರಿದ್ರ ಸಿನಿಮಾ ಯಾರ ನೋಡೋರು?" ಎಂದಳು ದೊಡ್ಡವ್ವ. ಆದರೆ ಬೈಯುವ ದನಿಯಲ್ಲಿ ಅಲ್ಲ.

ಎಲ್ಲ ಬಣ್ಣ ಕೂಡಿದಾಗ ಮುಂದೆ ಒಮ್ಮೆಲೇ ಮೌನವಾಯಿತು. ಒಬ್ಬರೂ ಕೆಮ್ಮಲಿಲ್ಲ. ನನ್ನ ಜೀವನದಲ್ಲಿ ನಾನು ಕೂಡಿಸಿದ ಅತಿ ಒಳ್ಳೆಯ ಚಿತ್ರ ಅದು. ಅದನ್ನು ನಾನು ನೋಡಿಲ್ಲ. ಕನ್ನಡಿಯ ಅಂಚಿನಿಂದ ತಪ್ಪಿಸಿಕೊಂಡ ಬೆಳಕು ಮೈದುನನ ಬಿಳಿ ಅಂಗಿಯ ಮೇಲೆ ಬಿದ್ದು, ಕೆಂಪಾಗಿ, ಹಸಿರಾಗಿ, ನೀಲಿಯಾಗಿ ಅಲುಗುತ್ತಿತ್ತು. ಅವನು ಅದನ್ನು ತಟ್ಟಿಕೊಳ್ಳದೆ ಕೂತಿದ್ದ.

ನಡುವೆ ಎದ್ದು ಅವನು ಮುಂದಿನ ಬಾಗಿಲ ಕಡೆ ಹೋಗಿ ಬಂದ. ಒಳಗೆ ಇಣುಕಲಿಲ್ಲ, ಹೊಸ್ತಿಲ ಹೊರಗೆ ಬಿಟ್ಟ ಚಪ್ಪಲಿಗಳನ್ನು ನೋಡಿದನಂತೆ. "ಕಾಲಿಡಾಕ ಜಾಗ ಇಲ್ಲ," ಎಂದು ನನಗೆ ಹೇಳಿ, ಮತ್ತೆ ಕೂತು, ಆರಿದ ಚಹಾ ಕುಡಿದ.

ಶೋ ಮುಗಿದು ಹೆಂಗಸರು ಹೋದಮೇಲೆ ಖಾಲಾ ಬಟ್ಟೆಯ ಪರದೆಯ ಹತ್ತಿರ ಬಂದು ನಿಂತರು. ಹೈದರಾಬಾದಿಗೆ ಹೊರಡಲು ಅವರ ಗಂಟು ಕಟ್ಟಿಯಾಗಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಮೈದುನ ಅದನ್ನು ಕೇಳಲೇ ಇಲ್ಲ. "ಭಾಭಿ," ಎಂದ, "ಮುಂದಿನ ಈದಿಗೆ ನಾವ ಇಲ್ಲಿಗೆ ಬರ್ತೀವಿ. ನನ್ನ ಹೆಂಡ್ತಿಗೂ ಒಂದು ಸಿನಿಮಾ ತೋರಸ್ರಿ."

"ಬರ್ಲಿ. ಕೆಳಗ ಕುಂದ್ರತಾಳೇನು ಕೇಳು," ಎಂದರು ಖಾಲಾ. ಅವನು ನಗುತ್ತ ಸ್ಟೇಷನ್ನಿಗೆ ಹೊರಟ.

ಆ ಶೋ ಕೆಲವು ವರ್ಷ ನಡೆಯಿತು. ಕನ್ನಡಿ ಕಪ್ಪಾದಾಗಲೆಲ್ಲ ಕಲಾಯಿ ಮುದುಕನ ಹತ್ತಿರ ಹೋಗುತ್ತಿದ್ದೆ. ಅವನು ನನ್ನನ್ನು ದೂರದಿಂದ ನೋಡಿಯೇ ನಗುತ್ತಿದ್ದ. ಆಮೇಲೆ ಮನೆಮನೆಗೂ ಬಣ್ಣದ ಟಿವಿ ಬಂತು, ಪಡಸಾಲೆಗೆ ಬರುವವರು ತಮ್ಮ ಮನೆಯಲ್ಲೇ ಕೂತರು. ಖಾಲಾ ಬೇಸರ ಮಾಡಿಕೊಳ್ಳಲಿಲ್ಲ. ಅದೇ ಪಡಸಾಲೆಯಲ್ಲಿ ಹೊಲಿಗೆ ಕಲಿಸಲು ಶುರು ಮಾಡಿದರು. ಕಲಿಯಲು ಬಂದವರಲ್ಲಿ ಹೆಚ್ಚಿನವರು ಅದೇ ಸೊಸೆಯರು. ಕೊನೆಯ ದಿನದವರೆಗೂ ಅವರು ಆ ಮನೆಯಲ್ಲೇ ಇದ್ದರು, ತಮ್ಮ ಒಲೆಯ ಮುಂದೆ. ಹೋದಾಗಲೆಲ್ಲ ಚಹಾಕ್ಕೆ ಸಕ್ಕರೆ ಹೆಚ್ಚೇ ಹಾಕುತ್ತಿದ್ದರು. ಕಮ್ಮಿ ಹಾಕಿರೆಂದು ನಾನೂ ಹೇಳಲಿಲ್ಲ.

ಟಿವಿಯ ಟ್ಯೂಬುಗಳು ಸೋತಮೇಲೆ ಅವರೇ ಅದನ್ನು ಬಿಚ್ಚಿಸಿ, ಬೇಕಾದದ್ದು ಒಯ್ಯಿ ಎಂದರು.

ಈಗ ನನ್ನ ಹತ್ತಿರ ಇರುವುದು: ತೀನ್ ಕಂದೀಲ್ ಹತ್ತಿರ ಒಂದು ಅಂಗಡಿ, ಎರಡು ಕೋಣೆಯ ಸ್ವಂತ ಮನೆ, ಒಬ್ಬ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮಗ, ಒಬ್ಬ ಸೊಸೆ, ಒಂದೇ ಎತ್ತರದ ಆರು ಕುರ್ಚಿ, ಒಂದು ಸೈಕಲ್ಲು, ಆ ಟಿವಿಯ ಮೂರು ಲೆನ್ಸು ಮತ್ತು ಒಂದು ಕನ್ನಡಿ.